ನಾಯಿಗೆ ಇನ್ಶೂರೆನ್ಸ್: ಕಟ್ಟೋದೋ, ಬಿಡೋದೋ?

ಸಾಕುನಾಯಿಯ ವಿಮೆ ಕುರಿತು ಬಂದ ಪತ್ರಗಳಿಗೆ ಈ ಸಲ ಒಟ್ಟಿಗೇ ಉತ್ತರ. ಕಾಯಿಲೆಯ ವಿಷಯಕ್ಕೆ ಪಶುವೈದ್ಯರು, ಪಾಲಿಸಿಯ ವಿಷಯಕ್ಕೆ ವಿಮೆಯ ಕೆಲಸ ಬಲ್ಲವರು ಉತ್ತರಿಸಿದ್ದಾರೆ.

ನಮ್ಮ ಮನೆಗೆ ಐದು ತಿಂಗಳ ಲ್ಯಾಬ್ರಡಾರ್ ಮರಿ ಬಂದಿದೆ. ವರ್ಷಕ್ಕೆ ಐದು ಸಾವಿರ ಕಟ್ಟಿದರೆ ಆಸ್ಪತ್ರೆ ಖರ್ಚೆಲ್ಲ ಕಂಪನಿಯದೇ ಅಂತ ಏಜೆಂಟ್ ಹೇಳುತ್ತಾರೆ. ನಮ್ಮ ಯಜಮಾನರು, ‘ಸುಮ್ಮನೆ ದಂಡ’ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಗೃಹಿಣಿ, ಮೈಸೂರು

ಇಬ್ಬರದೂ ಅರ್ಧರ್ಧ ಸರಿ. ಏಜೆಂಟರ ಮಾತಿನಲ್ಲಿ ‘ಎಲ್ಲ’ ಅನ್ನೋ ಪದ ಒಂದನ್ನು ತೆಗೆದುಬಿಡಿ, ಆಮೇಲೆ ಲೆಕ್ಕ ಹಾಕೋಣ.

ಮೊದಲು ನಾಯಿಯ ಖರ್ಚು ಎಲ್ಲೆಲ್ಲಿ ಬರುತ್ತೆ ನೋಡಿ. ಲಸಿಕೆ, ಜಂತುಹುಳುವಿನ ಮಾತ್ರೆ, ಉಣ್ಣೆಗೆ ಹಾಕುವ ಔಷಧಿ, ಹಲ್ಲು ಕ್ಲೀನಿಂಗ್, ಸಂತಾನಹರಣದ ಆಪರೇಷನ್, ಇವು ಸಾಮಾನ್ಯವಾಗಿ ಯಾವ ಪಾಲಿಸಿಯ ಮೂಲ ಕವರ್‌ನಲ್ಲೂ ಇರುವುದಿಲ್ಲ. ಬರುವುದು ಗೊತ್ತೇ ಇರುವ ಖರ್ಚಿಗೆ ವಿಮೆ ಇಲ್ಲ. ಎರಡನೆಯದು, ಕಿವಿಯ ಸೋಂಕು, ಚರ್ಮದ ತುರಿಕೆ, ವಾಂತಿ-ಭೇದಿ, ಉಣ್ಣೆ ಜ್ವರ. ನಮ್ಮ ಕಡೆ ನಾಯಿಗಳನ್ನು ಕಾಡುವುದರಲ್ಲಿ ಉಣ್ಣೆ ಜ್ವರದ್ದು ದೊಡ್ಡ ಪಾಲು. ಅದರ ಒಂದು ಬಗೆ ಎರ್ಲಿಕಿಯಾ ಆದರೆ ಪ್ಲೇಟ್‌ಲೆಟ್ ಎಣಿಕೆಯ ರಕ್ತಪರೀಕ್ಷೆ, 28 ದಿನ ಡಾಕ್ಸಿಸೈಕ್ಲಿನ್, ನಡುವೆ ಮತ್ತೆ ಪರೀಕ್ಷೆ. ಇನ್ನೊಂದು ಬಗೆ ಬಬೀಸಿಯಾ ಆದರೆ ಔಷಧಿ ಇನ್ನೂ ದುಬಾರಿ. ಇಷ್ಟಾದರೂ ಮುಕ್ಕಾಲುವಾಸಿ ನಾಯಿಗಳು ಆಸ್ಪತ್ರೆಯಲ್ಲಿ ಮಲಗುವುದಿಲ್ಲ, ಬಂದು ಹೋಗುತ್ತವೆ. ‘ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ದಾಖಲು’ ಅಂತ ಮಾತ್ರ ಇರುವ ಪಾಲಿಸಿಯಲ್ಲಿ ಇದಕ್ಕೆ ಒಂದು ರೂಪಾಯಿ ಸಿಗುವುದಿಲ್ಲ. ಹೊರರೋಗಿ ಚಿಕಿತ್ಸೆ, ಅಂದರೆ ಒಪಿಡಿ ಕವರ್ ಅಂತ ಬೇರೆ ಸೇರಿಸಿಕೊಂಡಿದ್ದರೆ ಉಂಟು. ಅದಕ್ಕೂ ವರ್ಷಕ್ಕೆ ಇಷ್ಟೇ ಅನ್ನೋ ಚಿಕ್ಕ ಮಿತಿ ಇರುತ್ತೆ.

ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಅಂಟುರೋಗ ಪಾರ್ವೋದ ಕಥೆ ಇನ್ನೂ ವಿಚಿತ್ರ. ಪಾರ್ವೋ ಬಂದ ಮರಿಗೆ ನಾಲ್ಕೈದು ದಿನ ಡ್ರಿಪ್ ಬೇಕು. ಆದರೆ ಬೇರೆ ನಾಯಿಗಳಿಗೆ ಅಂಟುತ್ತದೆ ಅಂತ ಎಷ್ಟೋ ಕ್ಲಿನಿಕ್‌ಗಳು ರಾತ್ರಿ ಇಟ್ಟುಕೊಳ್ಳುವುದಿಲ್ಲ. ಹಲವು ಕಡೆ ಇಟ್ಟುಕೊಳ್ಳುವ ವ್ಯವಸ್ಥೆಯೇ ಇಲ್ಲ. ಬೆಳಿಗ್ಗೆ ತಂದು ಡ್ರಿಪ್ ಹಾಕಿಸಿ ಸಂಜೆ ಮನೆಗೆ ಒಯ್ಯಿ ಅನ್ನುತ್ತಾರೆ. ಪಾಲಿಸಿಯಲ್ಲಿ ‘ಕನಿಷ್ಠ 24 ಗಂಟೆ ದಾಖಲು’ ಅಂತ ಷರತ್ತಿದ್ದರೆ, ಐದು ದಿನ ಡ್ರಿಪ್ ಹಾಕಿಸಿದರೂ ಕಂಪನಿಯ ಲೆಕ್ಕದಲ್ಲಿ ನಿಮ್ಮ ಮರಿ ಆಸ್ಪತ್ರೆಗೆ ಸೇರಿಯೇ ಇಲ್ಲ. ಏಜೆಂಟರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ‘ಹಗಲು ಮಾತ್ರ ಇಟ್ಟುಕೊಂಡು ಡ್ರಿಪ್ ಹಾಕಿದರೆ ದುಡ್ಡು ಬರುತ್ತಾ?’ ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಸರಿ, ಬರೆಸಿಕೊಳ್ಳಿ. ಜೊತೆಗೆ ಲಸಿಕೆಯ ಕಾರ್ಡ್ ಸರಿಯಿಲ್ಲದಿದ್ದರೆ ಪಾರ್ವೋ, ಡಿಸ್ಟೆಂಪರ್ ಅನ್ನೋ ಇನ್ನೊಂದು ಅಂಟುರೋಗ, ಎರಡರ ಕ್ಲೇಮೂ ನಿಲ್ಲುವುದಿಲ್ಲ. ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು-ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಕೊಟ್ಟಿರಬೇಕು. ಕಾರ್ಡಿನಲ್ಲಿ ಬಾಟಲಿಯ ಸ್ಟಿಕ್ಕರ್, ತಾರೀಖು, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇದೆಯೇ ನೋಡಿ.

ಹಾಗಾದರೆ ವಿಮೆ ಯಾತಕ್ಕೆ? ಮೂರನೆಯ ಬಗೆಯ ಖರ್ಚಿಗೆ. ಲ್ಯಾಬ್ರಡಾರ್ ಅಂದರೆ ಬಾಯಿ. ಕಾಲುಚೀಲ, ಮಾವಿನ ವಾಟೆ, ಮೆಕ್ಕೆಜೋಳದ ದಿಂಡು ನುಂಗಿ ಕರುಳು ಕಟ್ಟಿಕೊಂಡರೆ ಹೊಟ್ಟೆ ತೆರೆಯದೆ ದಾರಿಯಿಲ್ಲ. ಗೇಟ್ ತೆರೆದಾಗ ಓಡಿ ಬೈಕಿಗೆ ಸಿಕ್ಕರೆ ತೊಡೆಮೂಳೆಗೆ ಪ್ಲೇಟ್. ಹೆಣ್ಣು ನಾಯಿಯಾಗಿ ಆಪರೇಷನ್ ಮಾಡಿಸದೆ ಬಿಟ್ಟಿದ್ದರೆ, ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಗರ್ಭಕೋಶಕ್ಕೆ ಕೀವು ತುಂಬುವುದೂ ಉಂಟು. ಇವು ಹೇಳಿಕೇಳಿ ಬರುವುದಿಲ್ಲ, ಬಿಲ್ಲೂ ಚಿಕ್ಕದಿರುವುದಿಲ್ಲ.

ಒಂದು ಲೆಕ್ಕ ಹಿಡಿಯೋಣ. ಪ್ರೀಮಿಯಂ ಜಿಎಸ್‌ಟಿ ಸೇರಿ ವರ್ಷಕ್ಕೆ 5,000, ಶಸ್ತ್ರಚಿಕಿತ್ಸೆಯ ಮಿತಿ 40,000, ನಿಮ್ಮ ಪಾಲು ಶೇ 20. ಕರುಳಿನ ಆಪರೇಷನ್‌ಗೆ ಬಿಲ್ 30,000 ಆಯಿತು. ಅದರಲ್ಲಿ ವಿಶೇಷ ಆಹಾರ, ಕುತ್ತಿಗೆಗೆ ಹಾಕುವ ಕೋನ್, ಅದೇ ದಿನ ಕೊಟ್ಟ ಜಂತುಹುಳುವಿನ ಮಾತ್ರೆ ಇತ್ಯಾದಿ 4,000 ತೆಗೆದರು. ಉಳಿದ 26,000ದಲ್ಲಿ ಶೇ 20 ಕಳೆದರೆ ನಿಮಗೆ ಬರುವುದು 20,800. ನಾಲ್ಕು ವರ್ಷಕ್ಕೆ ಕಟ್ಟಿದ ಹಣ ಒಂದೇ ಏಟಿಗೆ ಬಂದ ಹಾಗಾಯಿತು. ಇಂಥ ಏಟು ಬೀಳದಿದ್ದರೆ ನಿಮ್ಮ ಯಜಮಾನರು ಗೆದ್ದರು. ಆದರೆ ಏಟು ಬಿದ್ದ ರಾತ್ರಿ ಕೌಂಟರಿನಲ್ಲಿ 30,000 ಕಟ್ಟಬೇಕಾದವರು ನೀವೇ. ನಾಯಿಯ ವಿಮೆಯಲ್ಲಿ ಕ್ಯಾಶ್‌ಲೆಸ್ ಅಪರೂಪ, ಮೊದಲು ಕಟ್ಟಿ ಆಮೇಲೆ ಪಡೆಯುವುದೇ ರೂಢಿ.

ಆದ್ದರಿಂದ ವಿಮೆ ಮಾಡಿಸಿದರೂ ಮಾಡಿಸದಿದ್ದರೂ ಒಂದಿಷ್ಟು ದುಡ್ಡು ಕೈಗೆಟುಕುವ ಹಾಗೆ ಇರಲೇಬೇಕು. ತಿಂಗಳಿಗೆ 800ರಂತೆ ಬ್ಯಾಂಕಿನ ಆರ್‌ಡಿ ಮಾಡಿದರೆ ಮೂರು ವರ್ಷಕ್ಕೆ ಬಡ್ಡಿ ಬಿಟ್ಟು 28,800. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿ ಬೇಡ, ಮೂರು ವರ್ಷಕ್ಕೆ ಮೊದಲು ಮುರಿಯಲು ಬರುವುದಿಲ್ಲ. ಮೊದಲ ಎರಡು-ಮೂರು ವರ್ಷ, ಮರಿ ಕಂಡದ್ದನ್ನೆಲ್ಲ ನುಂಗುವ ಮತ್ತು ಉಳಿತಾಯ ಇನ್ನೂ ತುಂಬದಿರುವ ಕಾಲ. ಆ ಅವಧಿಗೆ ವಿಮೆ ಮಾಡಿಸಿ, ಜೊತೆಗೇ ಆರ್‌ಡಿ ಕಟ್ಟಿ. ಆಮೇಲೆ ಪ್ರತಿ ನವೀಕರಣದಲ್ಲೂ ಯೋಚಿಸಬಹುದು. ಬಿಡುವಾಗ ಮಾತ್ರ ಒಂದು ನೆನಪಿರಲಿ: ಬಿಟ್ಟು ಮತ್ತೆ ಸೇರಿದರೆ ಕಾಯುವ ಅವಧಿ (ಪಾಲಿಸಿ ಶುರುವಾದರೂ ಕ್ಲೇಮ್ ಸಿಗದ ಮೊದಲ ಕೆಲವು ದಿನ) ಮೊದಲಿಂದ ಶುರು, ನಡುವೆ ಬಂದ ಕಾಯಿಲೆ ‘ಹಳೆಯ ಕಾಯಿಲೆ’ ಆಗಿಬಿಡುತ್ತದೆ.

ಲ್ಯಾಬ್ರಡಾರ್‌ಗೆ ಅಂತಲೇ ಇನ್ನೊಂದು. ಈ ತಳಿಗೆ ಸೊಂಟದ ಕೀಲು ಸಡಿಲವಾಗಿ ಬೆಳೆಯುವ ತೊಂದರೆ, ಹಿಪ್ ಡಿಸ್‌ಪ್ಲೇಸಿಯಾ, ಹೆಚ್ಚು. ‘ವಂಶಪಾರಂಪರ್ಯ ಮತ್ತು ಹುಟ್ಟಿನಿಂದ ಬಂದ ದೋಷಗಳಿಗೆ ಅನ್ವಯಿಸದು’ ಅಂತ ಪಾಲಿಸಿಯ ಹೊರಗಿಟ್ಟವುಗಳ ಪಟ್ಟಿಯಲ್ಲಿದ್ದರೆ, ನಿಮ್ಮ ನಾಯಿಗೆ ಬರಬಹುದಾದ ಅತಿ ದುಬಾರಿ ಕಾಯಿಲೆ ಅಲ್ಲಿಗೇ ಹೊರಗೆ. ಡ್ಯಾಶ್‌ಹುಂಡ್ ಸಾಕುವವರು ಬೆನ್ನುಮೂಳೆಯ ಡಿಸ್ಕ್, ಪಗ್ ಸಾಕುವವರು ಉಸಿರಾಟದ ಆಪರೇಷನ್, ಜರ್ಮನ್ ಶೆಫರ್ಡ್‌ನವರು ಸೊಂಟ ಮತ್ತು ಹೊಟ್ಟೆ ತಿರುಚುವಿಕೆ ಎಲ್ಲಿ ಬರುತ್ತೆ ಅಂತ ಇದೇ ಪಟ್ಟಿಯಲ್ಲಿ ಹುಡುಕಬೇಕು. ಪಾಲಿಸಿಯ ಮೊದಲ ಪುಟದ ಚೆಂದದ ಚಿತ್ರಗಳನ್ನು ಬಿಟ್ಟು ಈ ಪಟ್ಟಿಯನ್ನೇ ಮೊದಲು ಓದಿ.

ಬೀದಿಯಿಂದ ತಂದು ಸಾಕಿದ ನಾಯಿ. ಕೊಂಡ ರಸೀದಿ ಇಲ್ಲ, ಹುಟ್ಟಿದ ದಿನ ಗೊತ್ತಿಲ್ಲ. ಇದಕ್ಕೂ ವಿಮೆ ಕೊಡುತ್ತಾರಾ?
— ವಿದ್ಯಾರ್ಥಿನಿ, ಶಿವಮೊಗ್ಗ

ಕೊಡುತ್ತಾರೆ. ಊರ ನಾಯಿ, ಮಿಶ್ರ ತಳಿ, ಜಾತಿ ನಾಯಿ ಮೂರನ್ನೂ ಸೇರಿಸಿಕೊಳ್ಳುವ ಪಾಲಿಸಿಗಳಿವೆ. ವಯಸ್ಸಿಗೆ ಪಶುವೈದ್ಯರ ಪ್ರಮಾಣಪತ್ರ ಸಾಕು, ಅವರು ಹಲ್ಲು ನೋಡಿ ಹೇಳುತ್ತಾರೆ. ಎದುರಿನ ಹಾಲುಹಲ್ಲು ಮೂರರಿಂದ ಐದು ತಿಂಗಳಲ್ಲಿ ಬೀಳುತ್ತವೆ, ಏಳು ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲೂ ಬಂದಿರುತ್ತವೆ. ಅಲ್ಲಿಂದ ಮುಂದೆ ಸವೆತ, ಕಲೆ ನೋಡಿದ ಅಂದಾಜು. ಆ ಅಂದಾಜಿನ ತಾರೀಖನ್ನೇ ಲಸಿಕೆ ಕಾರ್ಡ್, ವಿಮೆ ಅರ್ಜಿ, ಪಾಲಿಕೆಯ ಲೈಸೆನ್ಸ್ ಎಲ್ಲದರಲ್ಲೂ ಬರೆಸಿ. ಕಾರ್ಡಿನಲ್ಲಿ ‘2 ವರ್ಷ’, ಅರ್ಜಿಯಲ್ಲಿ ‘3 ವರ್ಷ’, ಒಂದರಲ್ಲಿ ‘ಕರಿಯ’ ಇನ್ನೊಂದರಲ್ಲಿ ‘ಬ್ಲ್ಯಾಕಿ’ ಅಂತಿದ್ದರೆ ಕ್ಲೇಮ್ ಹೊತ್ತಿಗೆ ಅದೇ ತಗಾದೆ.

ಗುರುತಿಗೆ ಮೈಕ್ರೋಚಿಪ್ ಹಾಕಿಸುವುದು ಒಳ್ಳೆಯದು. ಅಕ್ಕಿಕಾಳಿನಷ್ಟು ಗಾತ್ರ, ಎರಡು ಭುಜದ ನಡುವೆ ಚರ್ಮದಡಿ ಸೂಜಿಯಿಂದ ಹಾಕುತ್ತಾರೆ, ಅರಿವಳಿಕೆ ಬೇಡ. 15 ಅಂಕಿಯ ಸಂಖ್ಯೆ ಇರುವ ಚಿಪ್ ಕೇಳಿ, ಹಾಕಿದ ಮೇಲೆ ಸ್ಕ್ಯಾನರ್ ಹಿಡಿಸಿ ಸಂಖ್ಯೆ ಓದಿಸಿ. ಚಿಪ್ ಇದ್ದರೆ ಕೆಲವು ಕಡೆ ಪ್ರೀಮಿಯಂನಲ್ಲಿ ರಿಯಾಯಿತಿಯೂ ಇದೆ. ಊರ ನಾಯಿಗಳಲ್ಲಿ ಒಂದೇ ಬಣ್ಣದವು ಬೀದಿಗೆ ನಾಲ್ಕು ಇರುವುದರಿಂದ ಬರೀ ಫೋಟೊ ಸಾಲದು.

ಸಾವು ಮತ್ತು ಕಳ್ಳತನದ ಕವರ್ ಮಾತ್ರ ನಿಮಗೆ ಬೇಡ. ಅವು ವಿಮೆ ಮೊತ್ತ ಅಥವಾ ನಾಯಿಯ ಮಾರುಕಟ್ಟೆ ಬೆಲೆ, ಯಾವುದು ಕಡಿಮೆಯೋ ಅಷ್ಟು ಕೊಡುವ ಲೆಕ್ಕದವು. ನಿಮ್ಮ ನಾಯಿಗೆ ನಿಮ್ಮ ಮನೆಯಲ್ಲಿ ಬೆಲೆ ಕಟ್ಟಲಾಗದು, ಕಂಪನಿಯ ಪುಸ್ತಕದಲ್ಲಿ ಅದು ಸೊನ್ನೆ. ಆ ದುಡ್ಡನ್ನು ಒಪಿಡಿ ಕವರ್‌ಗೆ ಹಾಕಿ.

ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಮ್ಮ ನಾಯಿ ಡೆಲಿವರಿ ಹುಡುಗನ ಮೊಣಕಾಲಿಗೆ ಬಾಯಿ ಹಾಕಿತು. ಚಿಕಿತ್ಸೆ ಖರ್ಚು ನಾವೇ ಕೊಟ್ಟೆವು. ಪಾಲಿಸಿಯಲ್ಲಿ ‘ಥರ್ಡ್ ಪಾರ್ಟಿ’ ಅಂತಿದೆ. ಈಗ ಕೇಳಬಹುದೇ?
— ಐಟಿ ಉದ್ಯೋಗಿ, ಬೆಂಗಳೂರು

ಕೇಳಬಹುದು, ಆದರೆ ಕ್ರಮ ತಪ್ಪಿದೆ. ಥರ್ಡ್ ಪಾರ್ಟಿ ಅಂದರೆ ನಿಮ್ಮ ನಾಯಿಯಿಂದ ಹೊರಗಿನವರಿಗೆ ಆದ ಹಾನಿಯ ಹೊಣೆ. ಈ ಹೊಣೆಗಾರಿಕೆಯ ಕವರ್‌ನಲ್ಲಿ ಸಾಮಾನ್ಯವಾಗಿ ಒಂದು ಷರತ್ತಿರುತ್ತೆ: ಕಂಪನಿಗೆ ತಿಳಿಸದೆ ತಪ್ಪು ಒಪ್ಪಿಕೊಳ್ಳಬಾರದು, ಪರಿಹಾರದ ಮಾತು ಕೊಡಬಾರದು. ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ ಇದು ಅಡ್ಡಿಯಲ್ಲ, ‘ಇಷ್ಟು ಸಾವಿರ ಕೊಡ್ತೀನಿ’ ಅಂತ ಬರೆದುಕೊಡುವುದಕ್ಕೆ ಅಡ್ಡಿ. ಆ ದಿನವೇ ಈಮೇಲ್ ಹಾಕಬೇಕಿತ್ತು. ಈಗಲಾದರೂ ಘಟನೆಯ ತಾರೀಖು, ಆಸ್ಪತ್ರೆಯ ಚೀಟಿ, ಬಿಲ್ಲು, ನಾಯಿಯ ರೇಬೀಸ್ ಲಸಿಕೆಯ ದಾಖಲೆ, ಲೈಸೆನ್ಸ್ ಪ್ರತಿ ಸೇರಿಸಿ ಕಳಿಸಿ. ವಿಳಂಬಕ್ಕೆ ಕಾರಣವನ್ನು ನೇರವಾಗಿ ಬರೆಯಿರಿ.

ವಿಮೆಗಿಂತ ಮುಖ್ಯವಾದದ್ದು: ಗಾಯವನ್ನು ಆಗಲೇ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದರೇ? ಆ ಹುಡುಗ ಲಸಿಕೆಯ ಎಲ್ಲ ಡೋಸ್ ತೆಗೆದುಕೊಂಡನೇ? ಚರ್ಮದೊಳಗೆ ಕೊಡುವ ವಿಧಾನದಲ್ಲಿ 0, 3, 7, 28ನೇ ದಿನ. ಮಾಂಸಖಂಡಕ್ಕಾದರೆ 0, 3, 7, 14, 28. ರಕ್ತ ಬಂದಿದ್ದರೆ ಮೊದಲ ದಿನವೇ ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ನಿಮ್ಮ ನಾಯಿಗೆ ಲಸಿಕೆ ಆಗಿದ್ದರೂ 10 ದಿನ ಕಣ್ಣಿಡಬೇಕು.

ಬೆಂಗಳೂರಿನಂಥ ಕಡೆ ಫ್ಲ್ಯಾಟಿನಲ್ಲಿ ನಾಯಿ ಸಾಕುವವರಿಗೆ ಇಡೀ ಪಾಲಿಸಿಯಲ್ಲಿ ಅತ್ಯಂತ ಉಪಯುಕ್ತ ಭಾಗ ಈ ಥರ್ಡ್ ಪಾರ್ಟಿ ಕವರೇ ಅನ್ನುವುದು ನಮ್ಮ ಅಭಿಪ್ರಾಯ. ನಾಯಿಯ ಆಪರೇಷನ್‌ಗೆ ಒಂದು ಗಡಿಯಿದೆ, ಇನ್ನೊಬ್ಬರ ಮಗುವಿನ ಮುಖಕ್ಕೆ ಆದ ಗಾಯಕ್ಕೆ ಗಡಿಯಿಲ್ಲ. ಅಷ್ಟಾಗಿಯೂ ವಿಮೆ ತುಂಬುವುದು ಪರಿಹಾರದ ಹಣವನ್ನು ಮಾತ್ರ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ಪ್ರಾಣಿಯಿಂದ ಜೀವಕ್ಕೆ ಅಥವಾ ದೊಡ್ಡ ಗಾಯಕ್ಕೆ ಅಪಾಯವಾಗದಂತೆ ನೋಡಿಕೊಳ್ಳದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ದಂಡವನ್ನು ಯಾವ ವಿಮೆಯೂ ಕಟ್ಟುವುದಿಲ್ಲ. ಮನೆಯವರಿಗೆ, ಮನೆಗೆಲಸದವರಿಗೆ ಕಚ್ಚಿದರೆ ಅದೂ ಹೊರಗೆ ಇರುವುದೇ ಹೆಚ್ಚು. ಬೆಲ್ಟ್ ಹಾಕದೆ ಬಿಟ್ಟಿದ್ದರೆ ಕಂಪನಿ ಅದನ್ನೇ ಹಿಡಿದುಕೊಳ್ಳುತ್ತದೆ.

ಎಂಟೂವರೆ ವರ್ಷದ ಪೊಮೆರೇನಿಯನ್. ಕೆಮ್ಮಿತ್ತು, ಹೃದಯದ ಕವಾಟದ ತೊಂದರೆ ಅಂತ ದಿನಕ್ಕೆರಡು ಮಾತ್ರೆ ನಡೆಯುತ್ತಿದೆ. ಈಗ ವಿಮೆ ಮಾಡಿಸಬಹುದೇ?
— ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಬೇಡ ಸರ್. ಹೊಸ ಪಾಲಿಸಿಗೆ ಸಾಮಾನ್ಯವಾಗಿ ಏಳು-ಎಂಟು ವರ್ಷವೇ ಗಡಿ, ಗ್ರೇಟ್ ಡೇನ್‌ನಂಥ ದೈತ್ಯ ತಳಿಗಾದರೆ ಇನ್ನೂ ಕಡಿಮೆ. ಯಾರಾದರೂ ಕೊಟ್ಟರೂ ಹೃದಯದ ಖರ್ಚು ಬರುವುದಿಲ್ಲ. ‘ಮಾತ್ರೆ ವಿಷಯ ಬರೆಯಬೇಡಿ’ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಹಳೆಯ ಚೀಟಿ ಒಂದು ಸಿಕ್ಕರೆ ಇಡೀ ಪಾಲಿಸಿಯೇ ರದ್ದು. ಆ ಹಣವನ್ನು ಮಾತ್ರೆಗೆ ಇಡಿ. ನಿಮ್ಮ ಚೀಟಿಯಲ್ಲಿರುವುದು ಪಿಮೊಬೆಂಡನ್ ಆದರೆ ಊಟಕ್ಕೆ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ಕೊಡಿ. ಸ್ಕ್ಯಾನಿಂಗ್‌ಗೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಖಾಸಗಿಗಿಂತ ಬಹಳ ಅಗ್ಗ. ನಿಮಗೆ ಗದಗ ಹತ್ತಿರ. ಬೇರೆ ಕಡೆಯವರಿಗೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್ ಇವೆ. ಹೋಗುವ ಮುನ್ನ ಫೋನ್ ಮಾಡಿ ಯಾವ ಪರೀಕ್ಷೆ ಯಾವ ದಿನ ಅಂತ ಕೇಳಿಕೊಳ್ಳಿ.

ತೋಟ ಕಾಯಲು ಎರಡು ಮುಧೋಳ ನಾಯಿ ಸಾಕೇವಿ. ಹಾವಿನ ಕಾಟ ಭಾಳ. ವಿಮಾ ಮಾಡಸಬೇಕ?
— ರೈತರು, ಬಾಗಲಕೋಟೆ ಜಿಲ್ಲೆ

ಅರ್ಜಿಯಲ್ಲಿ ‘ನಾಯಿಯ ಬಳಕೆ’ ಅನ್ನೋ ಕಾಲಂ ಇರುತ್ತದೆ. ಅಲ್ಲಿ ‘ಸಾಕುಪ್ರಾಣಿ’ ಅಂತ ಬರೆದು, ಆಮೇಲೆ ಕ್ಲೇಮ್‌ನಲ್ಲಿ ‘ತೋಟ ಕಾಯುವಾಗ’ ಅಂತ ಬರೆದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಕಾವಲು, ಓಟದ ಪಂದ್ಯ, ಬೇಟೆ, ಮರಿ ಮಾರಾಟ ಇವುಗಳನ್ನು ಹೊರಗಿಡುವ ಪಾಲಿಸಿಗಳಿವೆ. ಕಾವಲು ಅಂತಲೇ ಬರೆದು ಒಪ್ಪಿಗೆ ಬಂದರೆ ಮಾತ್ರ ಹಣ ಕಟ್ಟಿ. ಹಾವು ಕಡಿತ ‘ಅಪಘಾತ’ದೊಳಗೆ ಬರುತ್ತದೆಯೇ ಅಂತಲೂ ಕೇಳಿ. ಸಾವಿನ ಕವರ್ ನಿಮಗೆ ಅರ್ಥವಿದೆ, ಯಾಕಂದರೆ ಮುಧೋಳ ಮರಿಗೆ ಬೆಲೆಯಿದೆ. ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಿಂದ ತಂದದ್ದಾದರೆ ಅಲ್ಲಿಯ ರಸೀದಿ ಜೋಪಾನ ಮಾಡಿ.

ನಾಯಿ ಸತ್ತರೆ ತಕ್ಷಣ ಹೂಳಬೇಡಿ. ಮೊದಲು ಕಂಪನಿಗೆ ಫೋನ್, ಗುರುತು ಕಾಣುವ ಹಾಗೆ ಫೋಟೊ, ದನದ ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ, ಆಮೇಲೆ ಮಣ್ಣು. ಬೇಸಿಗೆಯಲ್ಲಿ ಬೇಗ ಕೊಳೆಯುವುದರಿಂದ ಐಸ್ ಇಟ್ಟು ಒಯ್ಯಬೇಕು.

ಹಾವಿನ ವಿಷಯ. ನಾಯಿಗೆ ಕಡಿಯುವುದು ಬಹುಪಾಲು ಮೂತಿಗೆ, ಮುಂಗಾಲಿಗೆ. ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ, ಹೊತ್ತು ಒಯ್ಯಿರಿ. ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಅದು ಒಂದೇ. ನಾಯಿ ಚಿಕ್ಕದು ಅಂತ ಡೋಸ್ ಕಡಿಮೆಯಾಗುವುದಿಲ್ಲ. ಒಳಹೊಕ್ಕ ವಿಷದ ಲಕ್ಷಣ ನೋಡಿ 10 ಮಿಲಿಯ ಎಷ್ಟು ವಯಲ್ ಅಂತ ವೈದ್ಯರು ತೀರ್ಮಾನಿಸುತ್ತಾರೆ, ಬಿಲ್ ಏರುವುದು ಅಲ್ಲೇ. ಹತ್ತಿರದ ಯಾವ ದನದ ಆಸ್ಪತ್ರೆಯಲ್ಲಿ ಪ್ರತಿವಿಷ ಸಿಗುತ್ತೆ ಅಂತ ಇವತ್ತೇ ವಿಚಾರಿಸಿಡಿ. ಸಂಚಾರಿ ಚಿಕಿತ್ಸಾಲಯದ 1962 ನಂಬರ್ ಫೋನಿನಲ್ಲಿರಲಿ. ಆಪರೇಷನ್ ಬಂದರೆ ಇದು ಮುಧೋಳ ತಳಿ ಅಂತ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಮೈಯಲ್ಲಿ ಕೊಬ್ಬಿಲ್ಲದ ಈ ಬಗೆಯ ಓಟದ ನಾಯಿಗಳು ಥಯೋಪೆಂಟೋನ್ ಅರಿವಳಿಕೆಯಿಂದ ಎಚ್ಚರಗೊಳ್ಳುವುದು ತಡ.

ಕ್ಲೇಮ್ ತಿರಸ್ಕರಿಸಿದರು. ‘ದಾಖಲೆ ಅಪೂರ್ಣ’ ಅನ್ನುವುದೊಂದೇ ಕಾರಣ. ಮುಂದೇನು?
— ವ್ಯಾಪಾರಿ, ದಾವಣಗೆರೆ

ಪಾಲಿಸಿಯ ಯಾವ ಕಲಂ ಪ್ರಕಾರ ತಿರಸ್ಕಾರ, ಯಾವ ದಾಖಲೆ ಇಲ್ಲ, ಎರಡನ್ನೂ ಬರಹದಲ್ಲಿ ಕೇಳಿ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಜೂನ್ ಸುತ್ತೋಲೆಯ ಪ್ರಕಾರ ಸಾಮಾನ್ಯ ವಿಮೆಯಲ್ಲಿ ದಾಖಲೆ ಇಲ್ಲ ಅನ್ನುವ ಕಾರಣವೊಂದರಿಂದಲೇ ಕ್ಲೇಮ್ ತಿರಸ್ಕರಿಸುವಂತಿಲ್ಲ. ಪತ್ರದಲ್ಲಿ ಈ ಮಾತು ಹಾಕಿ. ಜೊತೆಗೇ ಕ್ಲಿನಿಕ್‌ಗೆ ಹೋಗಿ ಕಾಗದ ಸರಿಮಾಡಿಸಿ. ನಾವು ನೋಡಿದ ಬಿಲ್ಲುಗಳಲ್ಲಿ ಅರ್ಧಕ್ಕರ್ಧ ‘ಟ್ರೀಟ್‌ಮೆಂಟ್ ಚಾರ್ಜ್’ ಅಂತ ಒಂದೇ ಸಾಲು ಇರುತ್ತದೆ. ಸರ್ಜನ್ ಶುಲ್ಕ, ಅರಿವಳಿಕೆ, ಔಷಧಿ, ಪರೀಕ್ಷೆ, ದಿನದ ಬಾಡಿಗೆ ಬೇರೆಬೇರೆ ಬರೆಸಿ. ಡಿಸ್ಚಾರ್ಜ್ ಚೀಟಿಯಲ್ಲಿ ಸೇರಿಸಿದ ಮತ್ತು ಬಿಟ್ಟ ಗಂಟೆ, ರೋಗದ ಹೆಸರು, ಚಿಪ್ ಸಂಖ್ಯೆ ಇರಲಿ. ನಡೆಯದ್ದನ್ನು ಬರೆಸಬೇಡಿ, ಅದು ವಂಚನೆ.

ಕಂಪನಿಯ ದೂರು ಅಧಿಕಾರಿಗೆ ಬರೆದು 30 ದಿನ ಕಾಯಿರಿ. ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ಕರೆಮಾಡಿಯೂ ದೂರು ದಾಖಲಿಸಬಹುದು. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿ ವಿಮೆಯ ದೂರು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್. ಶುಲ್ಕವಿಲ್ಲ, ವಕೀಲರು ಬೇಡ, ಆದರೆ ಕಂಪನಿಯ ಅಂತಿಮ ಉತ್ತರದಿಂದ ಒಂದು ವರ್ಷದೊಳಗೆ ಹೋಗಬೇಕು. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಪಾಲಿಸಿಯೇ ಬೇಡವಾದರೆ ಕಾರಣ ಕೊಡದೆ ರದ್ದು ಮಾಡಬಹುದು, ಕ್ಲೇಮ್ ಪಡೆದಿಲ್ಲದಿದ್ದರೆ ಉಳಿದ ಅವಧಿಯ ಹಣ ವಾಪಸ್ ಬರುತ್ತದೆ.

ನ್ಯೂಜೆರ್ಸಿಯಲ್ಲಿದ್ದೇವೆ. ನಮ್ಮ ಗೋಲ್ಡನ್ ರಿಟ್ರೀವರ್‌ಗೆ ಕಳೆದ ವರ್ಷ ಎಡ ಮಂಡಿಯ ಲಿಗಮೆಂಟ್ ಹರಿದಿತ್ತು, ಆಗ ವಿಮೆ ಇರಲಿಲ್ಲ. ಈಗ ಮಾಡಿಸಿದರೆ ಬಲ ಮಂಡಿಗಾದರೂ ಸಿಗುತ್ತದಾ?

ಬಹುಶಃ ಇಲ್ಲ. ಅಲ್ಲಿನ ಹೆಚ್ಚಿನ ಪಾಲಿಸಿಗಳಲ್ಲಿ ‘ಎರಡೂ ಬದಿ’ಯ ಷರತ್ತಿದೆ. ಒಂದು ಮಂಡಿ ಹಳೆಯ ಕಾಯಿಲೆಯಾದರೆ ಇನ್ನೊಂದೂ ಅದರ ಜೊತೆಗೇ ಹೊರಗೆ. ಒಂದು ಕಡೆ ಹರಿದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇನ್ನೊಂದು ಕಡೆಯೂ ಹರಿಯುವುದು ಕಂಪನಿಗಳಿಗೂ ಗೊತ್ತು. ಬೇರೆ ಕಾಯಿಲೆಗೆ, ಮುಖ್ಯವಾಗಿ ಈ ತಳಿಯನ್ನು ಕಾಡುವ ಕ್ಯಾನ್ಸರ್‌ಗೆ, ವಿಮೆ ಅರ್ಥವುಳ್ಳದ್ದೇ. ಹೋಲಿಸುವಾಗ ಕಳೆಯುವ ಕ್ರಮ ನೋಡಿ. 6,000 ಡಾಲರ್ ಬಿಲ್ಲಿಗೆ 500 ಡಿಡಕ್ಟಿಬಲ್ (ನೀವೇ ಹೊರಬೇಕಾದ ನಿಗದಿತ ಮೊತ್ತ), ಶೇ 80 ಮರುಪಾವತಿ ಅಂದಾಗ, ಮೊದಲು 500 ಕಳೆದರೆ ಬರುವುದು 4,400. ಮೊದಲು ಶೇ 80 ಹಾಕಿ ಆಮೇಲೆ ಕಳೆದರೆ 4,300. ಆ ಡಿಡಕ್ಟಿಬಲ್ ವರ್ಷಕ್ಕೊಮ್ಮೆಯೋ, ಕಾಯಿಲೆಗೊಮ್ಮೆಯೋ ಅಂತಲೂ ಕೇಳಿಕೊಳ್ಳಿ.